ಡಬ್ಬಿ ಮೇಲೆ ಹೆಸರು ಹಾಕುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಸೌಂದರ್ಯವರ್ಧಕ ಕಂಪನಿಗಳಿಗೆ ಬಂದಿರುವ ಹೊಸ ಸುರಕ್ಷತಾ ಕಾನೂನುಗಳ ಬಗ್ಗೆ ಒಂದು ಸುದ್ದಿ ಓದಿದೆ. ಅದರ ತುಂಬ ಅಮೆರಿಕ, ಯುರೋಪ್, ಮುಂಬೈಯ ದೊಡ್ಡ ಕಂಪನಿಗಳ ಮಾತೇ ಇತ್ತು. ನಮ್ಮ ಕಡೆಯ ವಿಷಯವನ್ನೂ ಯಾರಾದರೂ ಹೇಳಬೇಕಲ್ವಾ ಅನಿಸಿ ಇದನ್ನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಿದೆ. ಜಾಗ ಇದ್ದರೆ ಕತ್ತರಿಸದೆ ಹಾಕಿ.

ನಾನು ಹುಬ್ಬಳ್ಳಿ ಹೊರಗಿನ ಒಂದು ಸಣ್ಣ ಘಟಕದಲ್ಲಿ 19 ವರ್ಷದಿಂದ ಕೆಮಿಸ್ಟ್ ಆಗಿದ್ದೇನೆ. ಮಾಲಕರೂ ಸೇರಿ ಹನ್ನೊಂದು ಜನ ಇದ್ದೇವೆ. ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಕುಂಕುಮ, ಕಾಡಿಗೆ ಮಾಡುತ್ತೇವೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಅಂಗಡಿಗಳಿಗೆ ನಮ್ಮ ಮಾಲು ಹೋಗುತ್ತದೆ. ಇಂಥ ಘಟಕಕ್ಕೆ ಲೈಸೆನ್ಸ್ ಕೊಡಬೇಕಾದರೆ ಪಿಯುಸಿಯಲ್ಲಾದರೂ ಕೆಮಿಸ್ಟ್ರಿ ಓದಿದವರು, ಇಲ್ಲವೆ ಫಾರ್ಮಸಿ ಡಿಪ್ಲೊಮಾ ಆದವರು ಒಬ್ಬರು ಇರಲೇಬೇಕು. ನಾನು ಬಿ.ಎಸ್ಸಿ. ಕೆಮಿಸ್ಟ್ರಿ. ಆ ಜಾಗದಲ್ಲಿ ನನ್ನ ಹೆಸರಿದೆ. ಪ್ರತಿ ಬ್ಯಾಚಿನ ದಾಖಲೆಯ ಕೊನೆಗೆ ನನ್ನ ಸಹಿ ಬೀಳುತ್ತದೆ. ಹಾಗಾಗಿ ಪೇಪರಿನಲ್ಲಿ ಬರುವ ಈ ಕಾನೂನು ನನ್ನ ಟೇಬಲ್ ಮೇಲೂ ದಿನಾ ಇರುತ್ತದೆ.

ದೀಪಾವಳಿಗೆ ಮುಂಚೆ ಗದಗಿನಿಂದ ಒಬ್ಬ ಹುಡುಗ ಬಂದಿದ್ದ. ಚೀಲದಲ್ಲಿ 24 ಬಾಟಲಿ ಎಣ್ಣೆ. ದಾಸವಾಳ, ಕರಿಬೇವು, ಮೆಂತ್ಯ ಹಾಕಿ ಅವರ ಅವ್ವ ಮನೆಯಲ್ಲೇ ಕಾಸಿದ್ದು. ಮುಚ್ಚಳ ತೆಗೆದು ಮೂಸಿ ನೋಡಿದೆ. ಎಣ್ಣೆ ಚೆನ್ನಾಗಿತ್ತು, ಕಮಟು ವಾಸನೆ ಇರಲಿಲ್ಲ. ಲೇಬಲ್ ಕೂಡ ಚಂದ ಮಾಡಿಸಿದ್ದ. ಅವ್ವನ ಹೆಸರನ್ನೇ ಬ್ರ್ಯಾಂಡಿಗೆ ಇಟ್ಟಿದ್ದ. ಆದರೆ ಕೆಳಗೆ ‘ಲೈಸೆನ್ಸ್ ನಂ.’ ಅಂತ ಅಚ್ಚಾಗಿತ್ತು, ಅದರ ಮುಂದೆ ಖಾಲಿ ಜಾಗ.

“ಅಕ್ಕಾರ, ಎಣ್ಣಿ ನಾವಽ ಕಾಸ್ತೀವ್ರಿ. ನಿಮ್ಮ ಲೈಸೆನ್ಸ್ ನಂಬರ್ ಅಷ್ಟಽ ಹಾಕ್ಕೊಳ್ಳಾಕ ಕೊಡ್ರಿ. ಬಾಟ್ಲಿಗೆ ಎರಡ ರೂಪಾಯಿ ನಿಮಗ.”

ನಾನು ಆಗಲ್ಲ ಅಂದೆ. “ಯಾಕ್ರಿ, ಏನೂ ಆಗಂಗಿಲ್ಲ, ಎಲ್ಲಾರೂ ಹಿಂಗಽ ಮಾಡ್ತಾರ” ಅಂದ. ಅವನು ಮೋಸ ಮಾಡೋಕೆ ಬಂದವನಲ್ಲ. ನಂಬರ್ ಅಂದರೆ ಬಾಡಿಗೆಗೆ ಸಿಗುವ ವಸ್ತು ಅಂತ ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಕೂರಿಸಿ ಚಹಾ ಕೊಟ್ಟು, ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪುಸ್ತಕ ತೆಗೆದೆ. 1940ರ ಕಾಯ್ದೆ ಅದು. ಅದರ 17ಡಿ ಕಲಂ ಓದಿ ಹೇಳಿದೆ. ಒಬ್ಬರು ತಯಾರಿಸದ ಮಾಲನ್ನು ಅವರೇ ತಯಾರಿಸಿದ್ದು ಅಂತ ಲೇಬಲ್ ಹೇಳಿದರೆ ಆ ಮಾಲು ‘ನಕಲಿ’ ಅಂತಲೇ ಲೆಕ್ಕ. ಒಳಗಿರುವ ಎಣ್ಣೆ ಎಷ್ಟೇ ಶುದ್ಧ ಇರಲಿ. ನಕಲಿ ಮಾಲಿಗೆ 27ಎ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು. ದಂಡ ಕಮ್ಮಿ ಅಂದರೂ 50,000 ರೂಪಾಯಿ, ಅಥವಾ ಹಿಡಿದ ಮಾಲಿನ ಬೆಲೆಯ ಮೂರು ಪಟ್ಟು, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಬಾಟಲಿಗೆ ಎರಡು ರೂಪಾಯಿ ಆಸೆಗೆ ನಮ್ಮ ಘಟಕವೂ ಮುಳುಗುತ್ತಿತ್ತು, ಅವನೂ ಮುಳುಗುತ್ತಿದ್ದ.

ಅವನು ಕೇಳಿದ ಮುಂದಿನ ಪ್ರಶ್ನೆ ನನಗೆ ಇನ್ನೂ ಮುಖ್ಯ ಅನಿಸಿತು. “ಹಂಗಾದ್ರ ನೀವಽ ಎಣ್ಣಿ ಮಾಡಿಕೊಡ್ರಿ, ನಾ ಹೆಸರು ಅಷ್ಟಽ ಹಾಕ್ತೀನಿ. ಆವಾಗ ಜವಾಬ್ದಾರಿ ನಿಮ್ಮದಽ ಅಲ್ಲೇನ್ರಿ?”

ಈಗ ನಮ್ಮ ಕಡೆ ಎಲ್ಲರೂ ನಂಬಿರುವುದು ಇದನ್ನೇ. ಹುಬ್ಬಳ್ಳಿ, ಗದಗದಲ್ಲಿ ಎಷ್ಟೋ ಹುಡುಗರು, ಗೃಹಿಣಿಯರು ಇನ್‌ಸ್ಟಾಗ್ರಾಂನಲ್ಲಿ ಸ್ವಂತ ಬ್ರ್ಯಾಂಡ್ ನಡೆಸುತ್ತಿದ್ದಾರೆ. ಮಾಲು ಬೇರೆಯವರದು, ಸ್ಟಿಕ್ಕರ್ ಇವರದು. ಮೇಕರ್ ಬೇರೆ, ಮಾರ್ಕೆಟಿಂಗ್ ನಮ್ಮದು, ನಮಗೇನು ಅಂತ ತಿಳಿದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಇವರಲ್ಲಿ ಯಾರೂ ತೆಗೆದು ನೋಡಿಲ್ಲ. ಅದು ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ಬೇರೆಯವರು ಮಾಡಿದ ಮಾಲಿಗೆ ತನ್ನ ಗುರುತು ಹಾಕಿಕೊಂಡವರೂ ಆ ಕಾಯ್ದೆಯ ಲೆಕ್ಕದಲ್ಲಿ ‘ತಯಾರಕರು’. ಕ್ರೀಮ್ ಹಚ್ಚಿ ಯಾರದಾದರೂ ಮುಖ ಸುಟ್ಟರೆ ಪರಿಹಾರ ಕೇಳಿ ಬರುವ ನೋಟಿಸು ಸ್ಟಿಕ್ಕರ್ ಅಂಟಿಸಿದವರ ಮನೆಗೂ ಬರುತ್ತದೆ. ಹತ್ತು ದಿನದಲ್ಲಿ ಬೆಳ್ಳಗಾಗುತ್ತೀರಿ ಅಂತ ವಿಡಿಯೊ ಹಾಕಿದರೆ ಅದು ಬೇರೆ ಲೆಕ್ಕ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ಸರಿಯಾದ ದಾರಿ ಇಲ್ಲ ಅಂತಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಕಾಸ್ಮೆಟಿಕ್ಸ್ ರೂಲ್ಸ್‌ನಲ್ಲಿ ಎರಡೂ ಥರದ ಲೈಸೆನ್ಸ್ ಇದೆ. ಸ್ವಂತ ಜಾಗದಲ್ಲಿ ಮಾಡುವವರಿಗೆ ಒಂದು. ಬೇರೆಯವರ ಘಟಕದಲ್ಲಿ ತಮ್ಮ ಹೊಣೆಯ ಮೇಲೆ ಮಾಡಿಸಿಕೊಳ್ಳುವವರಿಗೆ ‘ಲೋನ್ ಲೈಸೆನ್ಸ್’ ಅಂತ ಇನ್ನೊಂದು. ಅದೂ ಬೇಡ ಅಂದರೆ, ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಸ್ಪಷ್ಟವಾಗಿ ಹಾಕಿ, ಮಾರುವವರು ನಾವು ಅಂತ ಕೆಳಗೆ ಬರೆದುಕೊಳ್ಳಬಹುದು. ಮನೆಯಲ್ಲಿ ಕಾಸಿದ್ದು, ಬರೀ ಎಲೆ-ಬೇರು ಅಂದ ಮಾತ್ರಕ್ಕೆ ಲೈಸೆನ್ಸ್ ತಪ್ಪುವುದಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಹೊಲದಿಂದ ಬಂದ ಬಣ್ಣ ಅಂತ ಆ ಲಿಪ್‌ಸ್ಟಿಕ್ಕಿಗೆ ರಿಯಾಯಿತಿ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಹೆಣ್ಣುಮಕ್ಕಳಿಗಾಗಿಯೇ ಬರೆಯುತ್ತೇನೆ. ನಮ್ಮ ಕಡೆ ಸಣ್ಣ ಸಣ್ಣ ಫರ್ಮ್‌ಗಳೆಲ್ಲ ಹೆಂಡತಿಯ ಹೆಸರಿನಲ್ಲಿ, ಇಲ್ಲವೆ ಅತ್ತಿಗೆ-ನಾದಿನಿಯರ ಪಾಲುದಾರಿಕೆಯಲ್ಲಿ ಇರುತ್ತವೆ. ಸಾಲ ಸಿಗುತ್ತದೆ, ಮಹಿಳಾ ಯೋಜನೆಯ ಸಬ್ಸಿಡಿ ಬರುತ್ತದೆ ಅಂತ ಹಾಗೆ ಮಾಡುತ್ತಾರೆ. ವ್ಯವಹಾರ ನೋಡುವುದು ಗಂಡಸರು. “ಇಲ್ಲಿ ಒಂದ್ ಸೈನ್ ಮಾಡು” ಅಂದರೆ ಇವರು ಅಡುಗೆ ಮನೆಯಿಂದ ಕೈ ಒರೆಸಿಕೊಂಡು ಬಂದು ಸಹಿ ಹಾಕುತ್ತಾರೆ. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 34ನೇ ಕಲಂ ಪ್ರಕಾರ ತಪ್ಪು ನಡೆದಾಗ ವ್ಯವಹಾರದ ಉಸ್ತುವಾರಿ ಯಾರದಿತ್ತೋ ಅವರೆಲ್ಲ ಹೊಣೆಗಾರರು. ಪಾಲುದಾರಿಕೆ ಫರ್ಮನ್ನೂ ಅದು ಕಂಪನಿ ಅಂತಲೇ ನೋಡುತ್ತದೆ. ನನಗೆ ಗೊತ್ತಿರಲಿಲ್ಲ, ತಪ್ಪು ಆಗದಂತೆ ನಾನು ಎಚ್ಚರ ವಹಿಸಿದ್ದೆ ಅಂತ ತೋರಿಸಿದರೆ ಬಚಾವಾಗಬಹುದು, ನಿಜ. ಆದರೆ ಅದನ್ನು ತೋರಿಸುವುದು ಕೋರ್ಟಿನಲ್ಲಿ, ವಕೀಲರನ್ನು ಇಟ್ಟುಕೊಂಡು. ದಾಖಲೆ ಬೇಕು. ಬ್ಯಾಚ್ ಪುಸ್ತಕ ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಏನು ತೋರಿಸುತ್ತಾರೆ? ದಯವಿಟ್ಟು ಸಹಿ ಮಾಡುವ ಮುಂಚೆ ಆ ಪುಸ್ತಕ ಕೇಳಿ ನೋಡಿ. ಯಾವ ದಿನ ಎಷ್ಟು ಕಿಲೊ ಮಾಡಿದರು, ಕಚ್ಚಾ ಮಾಲು ಯಾರಿಂದ ಬಂತು, ಅದರ ಟೆಸ್ಟ್ ರಿಪೋರ್ಟ್ ಎಲ್ಲಿದೆ, ಮಾದರಿ ಬಾಟಲಿ ತೆಗೆದಿಟ್ಟಿದ್ದಾರಾ. ಈ ನಾಲ್ಕು ಪ್ರಶ್ನೆ ಕೇಳೋಕೆ ಬಿ.ಎಸ್ಸಿ. ಬೇಕಾಗಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆ, ಸಣ್ಣವರಿಗೆ ಸುಮ್ನೆ ಕಿರುಕುಳ ಅಂತ ಹೇಳುವವರು ಇದ್ದಾರೆ. ಮೊದಲು ನನಗೂ ಹಾಗೇ ಅನಿಸುತ್ತಿತ್ತು. ನಮ್ಮ ಅತ್ತೆಯ ಹಣೆ ನೋಡಿದ ಮೇಲೆ ಅನಿಸುವುದು ನಿಂತಿತು.

ಅತ್ತೆ ಬೆಳಿಗ್ಗೆ ಎದ್ದರೆ ಮೊದಲು ಕುಂಕುಮ. ದೊಡ್ಡ ಬೊಟ್ಟು, ನಾಲ್ಕಾಣೆ ಅಗಲ. ಎಷ್ಟೋ ವರ್ಷ ಜಾತ್ರೆಯಲ್ಲಿ ಗುಡ್ಡೆ ಹಾಕಿ ತೂಕಕ್ಕೆ ಮಾರುವ ಕುಂಕುಮವನ್ನೇ ತರುತ್ತಿದ್ದರು. ಕೆಂಪು ಗಾಢವಾಗಿರುತ್ತದೆ, ಸೆಕೆಗೆ ಇಳಿಯೋದಿಲ್ಲ ಅಂತ. ಒಂದು ಬೇಸಿಗೆಯಲ್ಲಿ ಬೊಟ್ಟಿನ ಕೆಳಗೆ ತುರಿಕೆ ಶುರುವಾಯಿತು. ಆಮೇಲೆ ಬೊಟ್ಟಿನ ಅಳತೆಯಲ್ಲೇ ಒಂದು ಕಪ್ಪು ಕಲೆ. ಬೂದುಗಪ್ಪು ಅಂತೀವಲ್ಲ, ಆ ಬಣ್ಣ. ಚರ್ಮದ ಡಾಕ್ಟರು ನೋಡಿದ ತಕ್ಷಣ ಕುಂಕುಮ ಬಿಡಿಸಿ ಅಂದರು. ಕೃತಕ ಕೆಂಪು ಬಣ್ಣಕ್ಕೆ ಚರ್ಮ ಹೀಗೆ ಕಪ್ಪಾಗುವುದು ನಮ್ಮ ದೇಶದ ಚರ್ಮವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಅರಿಶಿನದ ಪುಡಿಗೆ ನಿಂಬೆರಸ, ಬಿಳಿಗಾರ ಹಾಕಿ ಮಾಡುವ ಹಳೆಯ ಕುಂಕುಮ ಇಷ್ಟು ಕೆಂಪಿರುವುದಿಲ್ಲ, ಬೆಲೆಯೂ ಜಾಸ್ತಿ. ಅದಕ್ಕೇ ಬಣ್ಣ ಬೆರೆಸುತ್ತಾರೆ. ಅತ್ತೆಗೆ ಕುಂಕುಮ ಬಿಡು ಅಂತ ಹೇಳೋದು ಹೇಗೆ ಹೇಳಿ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ಅವರು. ನಾನು ಕುಂಕುಮ ಮಾಡುವ ಘಟಕದ ಕೆಮಿಸ್ಟ್, ನಮ್ಮ ಮನೆಯ ದೇವರ ಜಗಲಿ ಮೇಲಿನ ಭರಣಿ ತೆರೆದು ನೋಡಿರಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಆ ಕುಂಕುಮಕ್ಕೆ ಲೇಬಲ್ ಇರಲಿಲ್ಲ, ಬ್ಯಾಚ್ ನಂಬರ್ ಇರಲಿಲ್ಲ. ಯಾರನ್ನು ಕೇಳೋದು? ನನ್ನ ದೊಡ್ಡ ತಕರಾರು ಇಲ್ಲೇ ಇದೆ. ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಎಕ್ಸ್‌ಪೈರಿ, ಹಾಕಿದ ಪದಾರ್ಥಗಳ ಪಟ್ಟಿ, ಎಲ್ಲ ಬರೆದು ಮಾರುವ ನಮ್ಮಂಥವರ ಹತ್ತಿರ ಇನ್ಸ್‌ಪೆಕ್ಟರ್ ಬರುತ್ತಾರೆ. ಬರಲಿ, ಬರಲೇಬೇಕು. ಏನೂ ಬರೆಯದೆ ಗೋಣಿಚೀಲದಲ್ಲಿ ಮಾರುವವರ ಹತ್ತಿರ ಯಾರೂ ಹೋಗುವುದಿಲ್ಲ. ಲೇಬಲ್ ಇಲ್ಲದೆ ಮಾರುವುದೂ ಕಾಯ್ದೆಯಲ್ಲಿ ತಪ್ಪೇ. ಸೌಂದರ್ಯವರ್ಧಕ ಮಾರುವುದಕ್ಕೆ ಅಂಗಡಿಯವರಿಗೆ ಬೇರೆ ಲೈಸೆನ್ಸ್ ಬೇಡ, ಹೌದು. ಆದರೆ ಯಾರಿಂದ ಕೊಂಡೆ ಅಂತ ಇನ್ಸ್‌ಪೆಕ್ಟರ್ ಕೇಳಿದರೆ ಹೇಳಲೇಬೇಕು, 18ಎ ಕಲಂ ಅದನ್ನೇ ಹೇಳುತ್ತದೆ. ಹುಬ್ಬಳ್ಳಿ ದುರ್ಗದಬೈಲಿನ ಬಳೆ ಅಂಗಡಿಯ ಅಣ್ಣಂದಿರೂ ಇದನ್ನು ನೆನಪಿಡಬೇಕು. ಲೈಸೆನ್ಸ್ ಇರುವವರಿಂದ ಕೊಂಡಿದ್ದೇನೆ, ನನಗೆ ದೋಷ ಗೊತ್ತಿರಲಿಲ್ಲ, ಸರಿಯಾಗಿ ಇಟ್ಟಿದ್ದೆ ಅಂತ ತೋರಿಸಿದವರಿಗೆ ಕಾಯ್ದೆಯಲ್ಲಿ ರಕ್ಷಣೆ ಇದೆ. ಅದಕ್ಕೆ ಬಿಲ್ಲು ಬೇಕು. ಬಿಲ್ಲಿಲ್ಲದೆ ಎರಡು ರೂಪಾಯಿ ಕಮ್ಮಿಗೆ ಬಂದ ಮಾಲಿಗೆ ಆ ರಕ್ಷಣೆ ಸಿಗುವುದಿಲ್ಲ.

ಮುಖ ಬೆಳ್ಳಗಾಗಲಿ ಅಂತ ಕೆಲವು ಕ್ರೀಮಿಗೆ ಸೇರಿಸುವ ಪಾದರಸದ ವಿಷಯ ಇನ್ನೂ ಭಯ. ಕೇರಳದ ಕೋಟ್ಟಕ್ಕಲ್‌ನ ಕಿಡ್ನಿ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ತಮ್ಮ ಹತ್ತಿರ ಬಂದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಅವರಲ್ಲಿ 15 ಜನರಿಗೆ ಬಂದಿದ್ದು ಆ ಕಾಯಿಲೆಯಲ್ಲೇ ಅಪರೂಪದ ಒಂದು ಥರ. ಆ 15ರಲ್ಲಿ 13 ಜನ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಅದೇ 2023ರಲ್ಲಿ ಕೇರಳದ ಔಷಧ ಇಲಾಖೆ ‘ಆಪರೇಷನ್ ಸೌಂದರ್ಯ’ ಅಂತ ಅಂಗಡಿ ಅಂಗಡಿ ಹುಡುಕಿತು. ನಮ್ಮ ನಿಯಮದಲ್ಲಿ ಕಣ್ಣಿನ ಸುತ್ತ ಬಳಸುವ ಮಾಲು ಬಿಟ್ಟರೆ ಉಳಿದಿದ್ದರಲ್ಲಿ ತಾನಾಗಿ ಸೇರಿದ ಪಾದರಸ ಕೂಡ ಒಂದು ಪಿಪಿಎಂ ದಾಟಬಾರದು. ಒಂದು ಟನ್ ಕ್ರೀಮಿಗೆ ಒಂದು ಗ್ರಾಂ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟ ಒಪ್ಪಂದದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಪಾದರಸ ಸೇರಿಸಿದ ಸೌಂದರ್ಯವರ್ಧಕಗಳನ್ನು 2025ರ ನಂತರ ತಯಾರಿಸಲೂಬಾರದು, ಆಮದು-ರಫ್ತು ಮಾಡಲೂಬಾರದು ಅಂತ 2023ರಲ್ಲಿ ತೀರ್ಮಾನಿಸಿದರು. ಭಾರತವೂ ಆ ಒಪ್ಪಂದದಲ್ಲಿದೆ. ಊರ ಹೆಸರೂ ಇಲ್ಲದ ಡಬ್ಬಿಯ ಬೆಳ್ಳಗಿನ ಕ್ರೀಮನ್ನು ಬ್ಯೂಟಿ ಪಾರ್ಲರ್‌ನಲ್ಲಿ ಚಮಚದಿಂದ ತೆಗೆದು ಸಣ್ಣ ಡಬ್ಬಿಗೆ ತುಂಬಿ ಕೊಡುವ ಅಕ್ಕಂದಿರೇ, ನಿಮಗೂ ಕೈ ಮುಗಿದು ಕೇಳುತ್ತೇನೆ. ಅದನ್ನು ನಿಲ್ಲಿಸಿ.

ವಿದೇಶದ ಮಾತಿಗೆ ಬರುತ್ತೇನೆ. ನಿಮ್ಮ ಸುದ್ದಿಯಲ್ಲಿ ಅದು ಇತ್ತು, ಆದರೆ ಸಣ್ಣವರಿಗೆ ಹೇಗೆ ತಟ್ಟುತ್ತದೆ ಅಂತ ಇರಲಿಲ್ಲ. ನಮ್ಮ ಮಾಲಕರ ಅಳಿಯಂದಿರು ಅಮೆರಿಕದಲ್ಲಿದ್ದಾರೆ. ಅಲ್ಲಿನ ಭಾರತದ ದಿನಸಿ ಅಂಗಡಿಗಳಿಗೆ ನಮ್ಮ ಕಾಡಿಗೆ ಕಳಿಸೋಣ ಅಂತ ಉತ್ಸಾಹದಿಂದ ಫೋನ್ ಮಾಡಿದರು. ನಾನು ಒಂದು ವಾರ ಕೂತು ಓದಿದೆ. 1938ರ ಕಾನೂನಿನ ನಂತರ ಅಲ್ಲಿ ಇಷ್ಟು ದೊಡ್ಡ ಬದಲಾವಣೆ ಆಗಿದ್ದು 2022ರ ಡಿಸೆಂಬರ್‌ನಲ್ಲಿ. ಆ ಹೊಸ ಕಾನೂನನ್ನು ಮೋಕ್ರಾ ಅಂತ ಕರೆಯುತ್ತಾರೆ. ಈಗ ಕಾರ್ಖಾನೆ ಅಲ್ಲಿನ ಆಹಾರ-ಔಷಧ ಇಲಾಖೆಯಾದ ಎಫ್‌ಡಿಎಯಲ್ಲಿ ನೋಂದಣಿ ಆಗಬೇಕು, ಪ್ರತಿ ಮಾಲಿನ ಪಟ್ಟಿ ಕೊಡಬೇಕು. ಹೊರದೇಶದ ಕಾರ್ಖಾನೆ ಆದರೆ ಅಮೆರಿಕದಲ್ಲೇ ಇರುವ ಒಬ್ಬ ಏಜೆಂಟ್ ಬೇಕು. ಮಾಲು ಸುರಕ್ಷಿತ ಅನ್ನೋದಕ್ಕೆ ಆಧಾರದ ದಾಖಲೆ ಇಟ್ಟಿರಬೇಕು. ಯಾರಿಗಾದರೂ ಗಂಭೀರ ತೊಂದರೆ ಆಗಿದೆ ಅಂತ ತಿಳಿದರೆ 15 ಕೆಲಸದ ದಿನಗಳಲ್ಲಿ ವರದಿ ಮಾಡಬೇಕು. ಮಾಲು ವಾಪಸ್ ತೆಗೆಸುವ ಅಧಿಕಾರವೂ ಈಗ ಎಫ್‌ಡಿಎಗೆ ಬಂದಿದೆ.

ವರ್ಷಕ್ಕೆ ಸರಾಸರಿ 10 ಲಕ್ಷ ಡಾಲರ್‌ಗಿಂತ ಕಮ್ಮಿ ಮಾರಾಟ ಇರುವ ಸಣ್ಣವರಿಗೆ ನೋಂದಣಿಯಿಂದ ವಿನಾಯಿತಿ ಇದೆ ಅಂತ ಓದಿ ಮಾಲಕರಿಗೆ ಖುಷಿ ಆಯಿತು. ಮುಂದಿನ ಸಾಲು ನಾನು ಓದಿ ಹೇಳಿದೆ. ಕಣ್ಣಿನ ಒಳಪದರಕ್ಕೆ ತಾಗುವ ಮಾಲಿಗೆ ಆ ವಿನಾಯಿತಿ ಇಲ್ಲ. ಕಾಡಿಗೆ ತಾಗುವುದೇ ಅಲ್ಲಿಗೆ. ಮೇಲಾಗಿ ಕಾಡಿಗೆ, ಸುರ್ಮಾ ಅಂತ ಬರುವ ಮಾಲಿನಲ್ಲಿ ಸೀಸ ಸಿಕ್ಕ ಉದಾಹರಣೆ ಬಹಳ ಇರುವುದರಿಂದ ಎಫ್‌ಡಿಎ ಅದನ್ನು ಮೊದಲಿನಿಂದಲೂ ಸಂಶಯದಿಂದ ನೋಡುತ್ತದೆ. ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ ಕಾಡಿಗೆಯಲ್ಲಿ ಸೀಸ ಹಾಕುವುದಿಲ್ಲ ಅಂತ ನಮಗೆ ಗೊತ್ತು. ಗೊತ್ತಿದ್ದರೆ ಸಾಲದು, ರಿಪೋರ್ಟ್ ಬೇಕು. ಅಳಿಯಂದಿರು ಬಟ್ಟೆಯ ಪಾರ್ಸೆಲ್ ಜೊತೆ 200 ಡಬ್ಬಿ ಇಟ್ಟು ಕಳಿಸಿ ಅಂದರು. ಮಾಲಕರು ಒಂದು ರಾತ್ರಿ ಯೋಚನೆ ಮಾಡಿ ಬೇಡ ಅಂದರು. ಲಾಭ ಬಿಟ್ಟುಕೊಟ್ಟ ಆ ಒಂದು ಮಾತಿಗೆ ಅವರ ಮೇಲೆ ನನಗೆ ಇದ್ದ ಗೌರವ ಇನ್ನೂ ಜಾಸ್ತಿ ಆಯಿತು.

ಯುರೋಪಿನದು ಉದ್ದದ ಕಥೆ, ಅದನ್ನು ಬಿಡುತ್ತೇನೆ. ಒಂದು ಉದಾಹರಣೆ ಸಾಕು. ಜೆಲ್ ಉಗುರುಬಣ್ಣ ಗಟ್ಟಿಯಾಗಲು ಹಾಕುವ ಟಿಪಿಒ ಎಂಬ ಪದಾರ್ಥವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದರು. ಅಂಗಡಿಯಲ್ಲಿ ಉಳಿದ ಹಳೆಯ ಸ್ಟಾಕನ್ನೂ ಮಾರುವಂತಿಲ್ಲ. ಇಂಥ ಬದಲಾವಣೆಯನ್ನು ದೊಡ್ಡ ಕಂಪನಿಯಲ್ಲಿ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ನಮ್ಮಲ್ಲಿ ನಾನೊಬ್ಬಳು, ನನ್ನ ಮೊಬೈಲು.

ಹಾಗಾಗಿ ಔಷಧ ಇಲಾಖೆಯನ್ನು ನಾನು ಬೇಡಿಕೊಳ್ಳುವುದು ಮುಖ್ಯವಾಗಿ ಒಂದೇ. ಈ ನಿಯಮಗಳನ್ನು ಕನ್ನಡದಲ್ಲಿ ಕೊಡಿ. ಪೂರ್ತಿ ಪುಸ್ತಕ ಆಗದಿದ್ದರೆ ಎಂಟು ಪುಟದ ಒಂದು ಕೈಪಿಡಿ ಸಾಕು. ಸೋಪು, ಎಣ್ಣೆ, ಕುಂಕುಮ ಮಾಡಲು ಯಾವ ಅರ್ಜಿ, ಎಷ್ಟು ಜಾಗ, ಯಾರು ಇರಬೇಕು, ಲೇಬಲ್ಲಿನಲ್ಲಿ ಏನೇನು ಬರೆಯಬೇಕು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಸೋಪು ಮಾಡುವ ತರಬೇತಿ ಎಲ್ಲ ಕಡೆ ಕೊಡುತ್ತಾರೆ. ಆ ತರಬೇತಿಯ ಕೊನೆಯ ದಿನ ಈ ಕೈಪಿಡಿ ಅವರ ಕೈಗೆ ಬರಲಿ. ಈಗ ಸೋಪು ಮಾಡಲು ಕಲಿಸಿ, ಲೈಸೆನ್ಸ್ ಮಾತೇ ಎತ್ತದೆ ಮನೆಗೆ ಕಳಿಸುತ್ತಾರೆ. ಹುಬ್ಬಳ್ಳಿಯಲ್ಲೇ ಸರ್ಕಾರದ ಔಷಧ ಪರೀಕ್ಷಾ ಪ್ರಯೋಗಾಲಯ ಇದೆ. ಜಾತ್ರೆ, ಹಬ್ಬದ ಮುಂಚೆ ಬಿಡಿ ಕುಂಕುಮದ ಮಾದರಿ ತೆಗೆದು ಪರೀಕ್ಷೆ ಮಾಡಿಸಿ, ಫಲಿತಾಂಶ ನಿಮ್ಮಂಥ ಪತ್ರಿಕೆಗಳಿಗೆ ಕೊಡಲಿ. ಓದುಗರಿಗೂ ಒಂದು ಹಕ್ಕಿದೆ. ಕೊಂಡ ಮಾಲಿನ ಮೇಲೆ ಅನುಮಾನ ಬಂದರೆ ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ನಮ್ಮ 1940ರ ಕಾಯ್ದೆಯ 26ನೇ ಕಲಂ. 19 ವರ್ಷದಲ್ಲಿ ಇದನ್ನು ಬಳಸಿದ ಒಬ್ಬರನ್ನೂ ನಾನು ನೋಡಿಲ್ಲ.

ಗದಗಿನ ಆ ಹುಡುಗ ಸಂಕ್ರಾಂತಿ ಆದ ಮೇಲೆ ಮತ್ತೆ ಬಂದಿದ್ದ. ಲೋನ್ ಲೈಸೆನ್ಸ್ ಅರ್ಜಿ ತುಂಬಿಸೋಕೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ಇಬ್ಬರೂ ಕೂತು ಮಧ್ಯಾಹ್ನದವರೆಗೆ ತುಂಬಿದೆವು. ಅವನ ಅವ್ವನೂ ಬಂದಿದ್ದರು. “ಇದ್ರಾಗ ನನ್ನ ಹೆಸರ ಎಲ್ಲೈತ್ರಿ?” ಅಂತ ಕೇಳಿದರು. ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟು, ಅದರಲ್ಲಿ ಏನು ಬರೆದಿದೆ ಅಂತ ಪೂರ್ತಿ ಓದಿಸಿಕೊಂಡ ಮೇಲೇ ಸಹಿ ಹಾಕಿದರು.

ಕೊನೆಗೆ ಒಂದು ಕೋರಿಕೆ. ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪ್ಯಾಕೆಟ್ ಮೇಲೆ ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು, ಹೊರಗಿನ ಲೇಬಲ್ಲಿನಲ್ಲೂ ಒಳಗಿನದರಲ್ಲೂ ಇರಬೇಕು ಅಂತ ನಿಯಮ ಇದೆ. ಈ ಪತ್ರ ಬರೆಯುವ ಮುಂಚೆ ನಮ್ಮ ಓಣಿಯ ಅಂಗಡಿಯಿಂದ ಐದು ಥರದ ಪ್ಯಾಕೆಟ್ ತಂದು ಭೂತಗನ್ನಡಿ ಹಿಡಿದು ನೋಡಿದೆ. ಕನ್ನಡ ಇದ್ದಿದ್ದು ಒಂದರಲ್ಲಿ. ನನ್ನ ಸೋದರ ಸೊಸೆಯ ಮದುವೆಯಲ್ಲಿ ಅವಳ ಗೆಳತಿಯೊಬ್ಬಳು ಹುಬ್ಬಿಗೆ ಇದೇ ಬಣ್ಣ ಹಚ್ಚಿಕೊಂಡು, ಎರಡೂ ಕಣ್ಣು ಬಾತು, ಅಕ್ಷತೆ ಹಾಕುವ ಹೊತ್ತಿಗೆ ಆಸ್ಪತ್ರೆಯಲ್ಲಿದ್ದಳು. ಪ್ಯಾಕೆಟ್ಟಿನವರು ಕನ್ನಡದಲ್ಲಿ ಹಾಕುವವರೆಗೆ ನಿಮ್ಮ ಪತ್ರಿಕೆಯಾದರೂ ಆ ಮಾತನ್ನು ಒಂದು ಚೌಕಟ್ಟಿನಲ್ಲಿ ಹಾಕಲಿ. ನಿಯಮದಲ್ಲಿರುವುದನ್ನು ನನ್ನ ಮಾತಿನಲ್ಲಿ ಬರೆದಿದ್ದೇನೆ:

ಎಚ್ಚರಿಕೆ. ಈ ಬಣ್ಣದಲ್ಲಿರುವ ಪದಾರ್ಥ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಹಚ್ಚುವ ಮುಂಚೆ ಪ್ರತಿ ಸಲ ಪರೀಕ್ಷೆ ಮಾಡಿ. ಕಿವಿಯ ಹಿಂದೆ ಅಥವಾ ಮೊಣಕೈ ಕೆಳಗೆ ಒಳಬದಿಯಲ್ಲಿ ಸ್ವಲ್ಪ ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ. ಕಲಸಿದ ಬಣ್ಣ ಚೂರು ಹಚ್ಚಿ ಒಣಗಲು ಬಿಡಿ. 24 ಗಂಟೆ ಆದ ಮೇಲೆ ತೊಳೆದು ನೋಡಿ. ಉರಿ, ಕೆಂಪು, ಬಾವು ಇದ್ದರೆ ಬಳಸಬೇಡಿ. ಹುಬ್ಬಿಗೆ, ರೆಪ್ಪೆಗೆ ಯಾವ ಕಾರಣಕ್ಕೂ ಹಚ್ಚಬೇಡಿ. ಕಣ್ಣು ಹೋಗಬಹುದು.

ಇಂತಿ,
ಒಬ್ಬ ಕೆಮಿಸ್ಟ್, ಹುಬ್ಬಳ್ಳಿ
(ಹೆಸರು ಮತ್ತು ಘಟಕದ ವಿವರ ಪ್ರಕಟಿಸಬೇಡಿ ಎಂದು ವಿನಂತಿ)